ಇಂಡಸ್ಟ್ರಿಯಲ್ ಡಿಸೈನರ್‌ಗೆ ಆಸ್ಟ್ರೇಲಿಯಾ ವೀಸಾ: 232312 ಹಿಡಿದು ಹೊರಡುವುದು ಹೇಗೆ

ನಿಮ್ಮ ವಿಸಿಟಿಂಗ್ ಕಾರ್ಡ್‌ನಲ್ಲಿ ಪ್ರಾಡಕ್ಟ್ ಡಿಸೈನರ್ ಅಂತ ಇರಬಹುದು. ಆಫೀಸಿನ ದಾಖಲೆಯಲ್ಲಿ ಸೀನಿಯರ್ ಎಕ್ಸಿಕ್ಯೂಟಿವ್ ಅಂತ ಇರಬಹುದು. ಮನೆಯವರು ಕೇಳಿದರೆ ಇಂಜಿನಿಯರ್ ಅಂತ ಹೇಳಿ ಸುಮ್ಮನಾಗಿರಲೂಬಹುದು. ಆಸ್ಟ್ರೇಲಿಯಾದ ವಲಸೆ ಲೆಕ್ಕದಲ್ಲಿ ಇವು ಯಾವುವೂ ನಡೆಯುವುದಿಲ್ಲ. ಅಲ್ಲಿ ನೀವು ಆರು ಅಂಕಿಯ ಒಂದು ನಂಬರ್: 232312. ಯಾವ ವೀಸಾ ಸಿಗುತ್ತದೆ, ಯಾರು ನಿಮ್ಮನ್ನು ಪರೀಕ್ಷಿಸುತ್ತಾರೆ, ಯಾವ ಬಾಗಿಲು ಮೊದಲೇ ಮುಚ್ಚಿದೆ ಎಂಬುದೆಲ್ಲ ಈ ನಂಬರಿನಿಂದಲೇ ಶುರುವಾಗುತ್ತದೆ. ಹಾಗಾಗಿ ಐಇಎಲ್‌ಟಿಎಸ್ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ.

ಹೆಜ್ಜೆ 1: ಈ ನಂಬರ್ ನಿಮ್ಮದೇನಾ?

ಆಸ್ಟ್ರೇಲಿಯಾದ ವೃತ್ತಿ ವರ್ಗೀಕರಣದ ಹೆಸರು ಆನ್ಜ್‌ಕೋ. ಅದರಲ್ಲಿ 2323 ಎಂಬ ಗುಂಪಿನಲ್ಲಿ ಮೂವರಿದ್ದಾರೆ: ಫ್ಯಾಷನ್ ಡಿಸೈನರ್, ಇಂಡಸ್ಟ್ರಿಯಲ್ ಡಿಸೈನರ್, ಆಭರಣ ಡಿಸೈನರ್. ನಡುವಿನವರು ನಾವು. ಕಾರ್ಖಾನೆಯಲ್ಲಿ ತಯಾರಾಗುವ ವಸ್ತುವನ್ನು ಯೋಜಿಸಿ, ವಿನ್ಯಾಸ ಮಾಡಿ, ಅದರ ದಾಖಲೆ ಸಿದ್ಧಪಡಿಸುವವರು ಅಂತ ಅಲ್ಲಿನ ವಿವರಣೆ ಹೇಳುತ್ತದೆ. ಅದರಲ್ಲಿ ಮೂರು ಮಾತಿಗೆ ತೂಕ ಜಾಸ್ತಿ. ಮನುಷ್ಯ ಬಳಸಲು ಅನುಕೂಲವಾಗಬೇಕು, ಮಾರುಕಟ್ಟೆಯಲ್ಲಿ ಹೋಗಬೇಕು, ಸಾಲುಸಾಲಾಗಿ ಉತ್ಪಾದಿಸಲು ಬರಬೇಕು.

ಈ ಮೂರನ್ನು ನಿಮ್ಮ ದಿನದ ಕೆಲಸದ ಪಕ್ಕ ಇಟ್ಟು ನೋಡಿ. ಮೊಬೈಲ್ ಆ್ಯಪ್‌ನ ಪರದೆ ಮಾಡುವವರೂ ಇವತ್ತು ಪ್ರಾಡಕ್ಟ್ ಡಿಸೈನರ್ ಅಂತಲೇ ಕರೆಸಿಕೊಳ್ಳುತ್ತಾರೆ. ಅವರಿಗೆ ಈ ಕೋಡ್ ಅಲ್ಲ. ಬೇರೆಯವರು ಕೊಟ್ಟ ಸ್ಕೆಚ್ ನೋಡಿ ದಿನವಿಡೀ ಕ್ಯಾಡ್ ಡ್ರಾಯಿಂಗ್ ಬಿಡಿಸುವವರು ಡ್ರಾಫ್ಟ್ಸ್‌ಪರ್ಸನ್ ವರ್ಗಕ್ಕೆ ಹೋಗುತ್ತಾರೆ. ಶಾಫ್ಟ್ ಎಷ್ಟು ಭಾರ ತಡೆಯುತ್ತದೆ, ಗೇರ್ ಎಷ್ಟು ಸವೆಯುತ್ತದೆ ಎಂಬ ಲೆಕ್ಕವೇ ನಿಮ್ಮ ಮುಖ್ಯ ಕೆಲಸ ಅಂದರೆ ನೀವು ಮೆಕ್ಯಾನಿಕಲ್ ಇಂಜಿನಿಯರ್, ಕೋಡ್ 233512.

ಕೊನೆಯದರ ಬಗ್ಗೆ ಒಂದು ಎಚ್ಚರಿಕೆ. ಮೆಕ್ಯಾನಿಕಲ್ ಇಂಜಿನಿಯರ್‌ಗೆ ವೀಸಾ ಬಾಗಿಲು ಜಾಸ್ತಿ. ಅದಕ್ಕೇ ಬಿ.ಇ. ಮಾಡಿ ಆಮೇಲೆ ಡಿಸೈನ್ ಓದಿದವರಿಗೆ ಕೆಲವು ಏಜೆಂಟರು "ಇಂಜಿನಿಯರ್ ಅಂತಲೇ ಹಾಕೋಣ ಬಿಡಿ" ಅನ್ನುತ್ತಾರೆ. ನನಗೂ ಒಬ್ಬರು ಹೇಳಿದ್ದರು. ಆ ಕೋಡನ್ನು ಪರೀಕ್ಷಿಸುವುದು ಇಂಜಿನಿಯರ್ಸ್ ಆಸ್ಟ್ರೇಲಿಯಾ ಎಂಬ ಬೇರೆಯೇ ಸಂಸ್ಥೆ. ನಿಜವಾಗಿ ಆ ಕೆಲಸ ಮಾಡಿದ್ದರೆ ಹಾಕಿ. ಮಾಡದೆ ಹಾಕಿ, ಸುಳ್ಳು ದಾಖಲೆ ಅಂತ ಸಾಬೀತಾದರೆ ವೀಸಾ ತಿರಸ್ಕಾರದ ಜೊತೆಗೆ ಮೂರು ವರ್ಷದ ನಿಷೇಧವೂ ಬೀಳಬಹುದು.

ಹೆಜ್ಜೆ 2: ಯಾವ ಬಾಗಿಲು ತೆರೆದಿದೆ, ಯಾವುದು ಇಲ್ಲ

ಎಲ್ಲರ ಬಾಯಲ್ಲೂ ಇರುವುದು 189 ಎಂಬ ನಂಬರಿನ ವೀಸಾ. ಯಾವ ರಾಜ್ಯದ, ಯಾವ ಕಂಪನಿಯ ಹಂಗೂ ಇಲ್ಲದ ಪಿಆರ್, ಅಂದರೆ ಕಾಯಂ ವಾಸದ ವೀಸಾ. ಅದು ಮಧ್ಯಮ ಮತ್ತು ದೀರ್ಘಾವಧಿ ಪಟ್ಟಿಯಲ್ಲಿರುವ ವೃತ್ತಿಗಳಿಗೆ ಮಾತ್ರ. ಇಂಡಸ್ಟ್ರಿಯಲ್ ಡಿಸೈನರ್ ಇರುವುದು ಅಲ್ಪಾವಧಿ ಪಟ್ಟಿಯಲ್ಲಿ. ಹಾಗಾಗಿ 189 ನಮಗಿಲ್ಲ. ಇದು ಗೊತ್ತಿಲ್ಲದೆ ಎರಡು ವರ್ಷ 189ರ ಕಟ್‌ಆಫ್ ನೋಡುತ್ತಾ ಕೂತವರಿದ್ದಾರೆ.

ಅಕ್ಕ ಸಿಡ್ನಿಯಲ್ಲೋ ಪರ್ತ್‌ನಲ್ಲೋ ಇದ್ದಾಳೆ, ಅವಳೇ ಸ್ಪಾನ್ಸರ್ ಮಾಡುತ್ತಾಳೆ ಎಂಬ ಲೆಕ್ಕವೂ ಇಲ್ಲಿ ಕೈಕೊಡುತ್ತದೆ. ಕುಟುಂಬದವರು ಪ್ರಾಯೋಜಿಸುವ 491 ಕೂಡ ಅದೇ ದೀರ್ಘಾವಧಿ ಪಟ್ಟಿಗೆ ಕಟ್ಟಿದ್ದು.

ಉಳಿಯುವುದು ಎರಡು ದಾರಿ. ಒಂದು, ಯಾವುದಾದರೂ ರಾಜ್ಯ ನಿಮ್ಮನ್ನು ನಾಮಿನೇಟ್ ಮಾಡುವುದು. ಅದರಲ್ಲಿ 190 ಸಿಕ್ಕರೆ ಮೊದಲ ದಿನದಿಂದಲೇ ಪಿಆರ್. 491 ಸಿಕ್ಕರೆ ಐದು ವರ್ಷದ ತಾತ್ಕಾಲಿಕ ವೀಸಾ, ಪ್ರಾದೇಶಿಕ ಭಾಗದಲ್ಲೇ ಇರಬೇಕು, ಆಮೇಲೆ ಪಿಆರ್. ಎರಡು, ಕಂಪನಿಯೊಂದು ಕೆಲಸ ಕೊಟ್ಟು ಕರೆಸಿಕೊಳ್ಳುವುದು. ಮೊದಲು ರಾಜ್ಯದ ದಾರಿ ನೋಡೋಣ, ಕಂಪನಿಯ ದಾರಿ ಆಮೇಲೆ. ನಿಮಗೆ 45 ವರ್ಷ ತುಂಬಿದ್ದರೆ ಮಾತ್ರ ರಾಜ್ಯದ ದಾರಿ ಇಲ್ಲ, ನೇರವಾಗಿ ಕಂಪನಿಯ ದಾರಿಗೆ ಹೋಗಿ.

ಹೆಜ್ಜೆ 3: ವೆಟಸೆಸ್, ಅಂದರೆ ಅನುಭವ ಪತ್ರ

ನಮ್ಮ ಕೋಡನ್ನು ಪರೀಕ್ಷಿಸುವ ಸಂಸ್ಥೆ ವೆಟಸೆಸ್. ಅವರು ನೋಡುವುದು ಮುಖ್ಯವಾಗಿ ಎರಡು. ನಿಮ್ಮ ಓದು ಆಸ್ಟ್ರೇಲಿಯಾದ ಬ್ಯಾಚುಲರ್ ಪದವಿಗೆ ಸಮನಾಗಿದ್ದು ವಿಷಯಕ್ಕೆ ಹೊಂದುತ್ತದೆಯೇ? ಆ ಪದವಿ ಮುಗಿದ ಮೇಲೆ, ಕಳೆದ ಐದು ವರ್ಷದೊಳಗೆ, ಕನಿಷ್ಠ ಒಂದು ವರ್ಷ ಅದೇ ಕೆಲಸವನ್ನು ಸಂಬಳಕ್ಕೆ ಮಾಡಿದ್ದೀರಾ? ವಾರಕ್ಕೆ 20 ಗಂಟೆ ಅಥವಾ ಜಾಸ್ತಿ ಕೆಲಸ ಮಾಡಿದ್ದರೆ ಅವರ ಲೆಕ್ಕಕ್ಕೆ ಬರುತ್ತದೆ. ಓದುವಾಗ ಮಾಡಿದ ಇಂಟರ್ನ್‌ಶಿಪ್ ಬರುವುದಿಲ್ಲ.

ಪದವಿ ಮೆಕ್ಯಾನಿಕಲ್‌ನಲ್ಲಿ, ಸ್ನಾತಕೋತ್ತರ ಡಿಸೈನ್‌ನಲ್ಲಿ ಆಗಿದ್ದರೆ ಎರಡರ ಅಂಕಪಟ್ಟಿಯನ್ನೂ ಹಾಕಿ. ಡಿಸೈನ್ ಸ್ಟುಡಿಯೋ, ಎರ್ಗೊನಾಮಿಕ್ಸ್, ಮೆಟೀರಿಯಲ್ಸ್ ಎಂಬ ವಿಷಯಗಳು ಕಾಣುವುದು ಅಂಕಪಟ್ಟಿಯಲ್ಲೇ. ಪದವಿ ಪ್ರಮಾಣಪತ್ರದಲ್ಲಿ ಒಂದು ಸಾಲು ಬಿಟ್ಟರೆ ಇನ್ನೇನಿರುತ್ತದೆ?

ಅರ್ಜಿಗಳು ಹೆಚ್ಚಾಗಿ ಎಡವುವುದು ಓದಿನಲ್ಲಲ್ಲ, ಅನುಭವ ಪತ್ರದಲ್ಲಿ. ನನ್ನ ಹಳೆಯ ಕಂಪನಿಯ ಎಚ್‌ಆರ್ ಮೊದಲು ಕೊಟ್ಟ ಪತ್ರ ಇಷ್ಟೇ ಇತ್ತು: "ಇವರು ನಮ್ಮಲ್ಲಿ ಆರ್ ಅಂಡ್ ಡಿ ವಿಭಾಗದ ಸೀನಿಯರ್ ಎಕ್ಸಿಕ್ಯೂಟಿವ್ ಆಗಿದ್ದರು. ನಡತೆ ಉತ್ತಮ." ನಡತೆ ಉತ್ತಮ ಅಂತ ನೋಡಿ ಅಮ್ಮನಿಗೆ ಖುಷಿಯಾಯಿತು. ಪರೀಕ್ಷಕರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿರಬೇಕು. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸಹಿ ಮಾಡಿದವರ ಹೆಸರು ಮತ್ತು ಫೋನ್ ನಂಬರ್ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಏನು ಕೆಲಸ ಮಾಡಿದಿರಿ ಎಂಬ ಐದಾರು ಸಾಲು. "ಉತ್ಪನ್ನಗಳ ವಿನ್ಯಾಸ ಹಾಗೂ ಅಭಿವೃದ್ಧಿ" ಅಂತ ಬರೆದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ನಾನು ಎರಡನೇ ಸಲ ಮ್ಯಾನೇಜರ್ ಜೊತೆ ಕೂತು ಬರೆಸಿದ ಒಂದು ಸಾಲು ಹೀಗಿತ್ತು: "ಕೈಯಲ್ಲಿ ಹಿಡಿಯುವ ಸ್ಪ್ರೇಯರ್‌ನ ಹೊರಕವಚ ವಿನ್ಯಾಸ. ಬಳಸುವವರ ಕೈಯಳತೆ ತೆಗೆದು ಫೋಮ್ ಮಾದರಿಗಳನ್ನು ಮಾಡಿ ಹಿಡಿತ ಪರೀಕ್ಷಿಸಿದ್ದು, ಎಬಿಎಸ್ ಪ್ಲಾಸ್ಟಿಕ್‌ನ ಗೋಡೆ ದಪ್ಪ ಮತ್ತು ಡ್ರಾಫ್ಟ್ ಕೋನ ನಿರ್ಧರಿಸಿದ್ದು, ಅಚ್ಚು ಮಾಡುವವರೊಂದಿಗೆ ಕೂತು ತಿದ್ದಿ ಉತ್ಪಾದನೆಗೆ ಡ್ರಾಯಿಂಗ್ ಮತ್ತು ಸ್ಪೆಸಿಫಿಕೇಷನ್ ಒಪ್ಪಿಸಿದ್ದು." ಬಳಕೆದಾರ, ಮಾದರಿ, ಅಚ್ಚು, ಉತ್ಪಾದನೆ ನಾಲ್ಕೂ ಒಂದೇ ಸಾಲಿನಲ್ಲಿ ಬಂದಿವೆ. ಹಾಗಂತ ಆನ್ಜ್‌ಕೋ ವಿವರಣೆಯನ್ನೇ ನಕಲು ಮಾಡಿ ಅಂಟಿಸಬೇಡಿ. ಅದೇ ವಾಕ್ಯಗಳನ್ನು ದಿನಾ ಓದುವವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಎಚ್‌ಆರ್‌ನವರು ಇಷ್ಟು ಉದ್ದ ಬರೆಯಲ್ಲ ಅಂದರೆ ಮೇಲಧಿಕಾರಿಯಿಂದ ಬರೆಸಬಹುದಾ ಕೇಳಿ. ಅದೂ ಆಗದಿದ್ದರೆ ನೀವೇ ಪ್ರಮಾಣ ಮಾಡಿ ಸಲ್ಲಿಸುವ ಹೇಳಿಕೆಯ ದಾರಿ ಇದೆ, ಆದರೆ ಅದರ ಬೆನ್ನಿಗೆ ಗಟ್ಟಿ ದಾಖಲೆ ಬೇಕು. ಪತ್ರ ಎಷ್ಟೇ ಚೆನ್ನಾಗಿರಲಿ, ಸಂಬಳ ಬಂದದ್ದಕ್ಕೆ ಬೇರೆಯೇ ಸಾಕ್ಷಿ ಕೇಳುತ್ತಾರೆ: ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಕಾಗದ. ಫ್ರೀಲ್ಯಾನ್ಸ್ ಮಾಡಿದವರಿಗೆ ತಲೆನೋವು ಸ್ವಲ್ಪ ಜಾಸ್ತಿ. ಪ್ರತಿ ದೊಡ್ಡ ಕೆಲಸಕ್ಕೂ ಒಪ್ಪಂದ, ಇನ್‌ವಾಯ್ಸ್, ಆ ದುಡ್ಡು ಖಾತೆಗೆ ಬಂದ ಸಾಲು ಮತ್ತು ಗ್ರಾಹಕರ ಪತ್ರವನ್ನು ಒಂದೊಂದು ಕಟ್ಟಾಗಿ ಜೋಡಿಸಿಡಿ.

ವೆಟಸೆಸ್ ಫಲಿತಾಂಶ ಮೂರು ವರ್ಷ ನಡೆಯುತ್ತದೆ.

ಹೆಜ್ಜೆ 4: ಇಂಗ್ಲಿಷ್, ಜೊತೆಗೆ ಕನ್ನಡ

ಐಇಎಲ್‌ಟಿಎಸ್‌ನಲ್ಲಿ ನಾಲ್ಕೂ ವಿಭಾಗದಲ್ಲಿ 6 ಬಂದರೆ ಅರ್ಜಿ ಹಾಕಬಹುದು, ಆದರೆ ಪಾಯಿಂಟ್ ಸೊನ್ನೆ. ರಾಜ್ಯದ ದಾರಿಯಲ್ಲಿ ವಯಸ್ಸು, ಓದು, ಇಂಗ್ಲಿಷ್, ಅನುಭವಕ್ಕೆಲ್ಲ ಪಾಯಿಂಟ್ ಕೊಟ್ಟು ಕೂಡುತ್ತಾರೆ, ಪೂರ್ತಿ ಲೆಕ್ಕ ಮುಂದಿನ ಹೆಜ್ಜೆಯಲ್ಲಿದೆ. ನಾಲ್ಕರಲ್ಲೂ 7 ಬಂದರೆ 10 ಪಾಯಿಂಟ್, 8 ಬಂದರೆ 20. ಒಂದು ವಿಭಾಗದಲ್ಲಿ ಅರ್ಧ ಬ್ಯಾಂಡ್ ಕಡಿಮೆಯಾದರೂ ಕೆಳಗಿನ ಮೆಟ್ಟಿಲಿಗೇ ಇಳಿಯುತ್ತೀರಿ. ಪಿಟಿಇ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯುವವರು 2025ರ ಆಗಸ್ಟ್ 7ರ ನಂತರದ ಅಂಕಗಳ ಕೋಷ್ಟಕವನ್ನೇ ನೋಡಿ. ಅಂದಿನಿಂದ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಒಂದೊಂದಕ್ಕೂ ಬೇರೆ ಬೇರೆ ಅಂಕ ನಿಗದಿಯಾಗಿದೆ. ಹಳೆಯ ವೀಡಿಯೊಗಳಲ್ಲಿ ಹೇಳುವ "ಎಲ್ಲದರಲ್ಲೂ 65" ಈಗ ನಡೆಯುವುದಿಲ್ಲ. ಮನೆಯಲ್ಲೇ ಕೂತು ಬರೆಯುವ ಆನ್‌ಲೈನ್ ಇಂಗ್ಲಿಷ್ ಪರೀಕ್ಷೆಯನ್ನೂ ಒಪ್ಪುವುದಿಲ್ಲ.

ಇನ್ನೊಂದು 5 ಪಾಯಿಂಟ್ ನಿಮ್ಮ ನಾಲಿಗೆಯ ಮೇಲೇ ಇದೆ. ನಾಟಿ ಎಂಬ ಸಂಸ್ಥೆ ನಡೆಸುವ ಸಿಸಿಎಲ್ ಪರೀಕ್ಷೆ ಕನ್ನಡದಲ್ಲೂ ಇದೆ. ಇಂಗ್ಲಿಷ್ ಮಾತಾಡುವವರೊಬ್ಬರು, ಕನ್ನಡ ಮಾತಾಡುವವರೊಬ್ಬರು, ನಡುವೆ ಅನುವಾದ ಮಾಡುವುದು ನೀವು. ಸುಮಾರು 300 ಪದಗಳ ಎರಡು ಸಂಭಾಷಣೆ ಬರುತ್ತವೆ. ಒಂದೊಂದಕ್ಕೆ 45 ಅಂಕ. ಒಟ್ಟು 90ಕ್ಕೆ 63 ಬರಬೇಕು, ಯಾವುದರಲ್ಲೂ 29ಕ್ಕಿಂತ ಕಡಿಮೆ ಆಗಬಾರದು. ಮನೆಮಾತು ಕನ್ನಡ ಅಂತ ಸುಮ್ನೆ ಹೋಗಿ ಕೂತರೆ ಕಷ್ಟ. ಸಂಭಾಷಣೆ ಆಸ್ಪತ್ರೆ, ವಿಮೆ, ಬಾಡಿಗೆ, ಕೋರ್ಟು, ಪಿಂಚಣಿ ಇಂಥದ್ದರ ಮೇಲೆ ಬರುತ್ತದೆ. "ಸ್ಪೆಷಲಿಸ್ಟ್ ಹತ್ತಿರ ರೆಫರಲ್ ಇಲ್ಲದೆ ಹೋದರೆ ರಿಬೇಟ್ ಸಿಗಲ್ಲ" ಎಂಬುದನ್ನು ತಡವರಿಸದೆ ಹೇಳಿ ನೋಡಿ, ಎಷ್ಟು ಅಭ್ಯಾಸ ಬೇಕು ಅಂತ ತಿಳಿಯುತ್ತದೆ.

ಹೆಜ್ಜೆ 5: ಪಾಯಿಂಟ್ ಲೆಕ್ಕ ಮತ್ತು ಕಾಣೆಯಾಗುವ ಒಂದು ವರ್ಷ

ಕನಿಷ್ಠ 65 ಪಾಯಿಂಟ್ ಬೇಕು. ಒಂದು ಉದಾಹರಣೆ ನೋಡೋಣ. ವಯಸ್ಸು 30, ಅದಕ್ಕೆ 30 ಪಾಯಿಂಟ್. 25ರಿಂದ 32ರವರೆಗೆ ಇಷ್ಟೇ, 33 ತುಂಬಿದ ದಿನ 25ಕ್ಕೆ ಇಳಿಯುತ್ತದೆ, 40 ತುಂಬಿದಾಗ 15ಕ್ಕೆ. ಡಿಸೈನ್ ಪದವಿಗೆ 15. ಇಂಗ್ಲಿಷ್ 7 ಬ್ಯಾಂಡ್‌ಗೆ 10. ಮದುವೆಯಾಗಿಲ್ಲ, ಅದಕ್ಕೂ 10! ಇಲ್ಲಿಗೆ 65. ಕನ್ನಡ ಪರೀಕ್ಷೆ ಪಾಸಾದರೆ 70.

ಇನ್ನು ಅನುಭವ. ಆಸ್ಟ್ರೇಲಿಯಾದ ಹೊರಗೆ, ಕಳೆದ ಹತ್ತು ವರ್ಷದಲ್ಲಿ, ಮೂರು ವರ್ಷ ಕೆಲಸ ಮಾಡಿದ್ದರೆ 5, ಐದು ವರ್ಷಕ್ಕೆ 10, ಎಂಟಕ್ಕೆ 15. ಈ ನಮ್ಮ ಡಿಸೈನರ್ ಐದು ವರ್ಷ ಎರಡು ತಿಂಗಳು ಕೆಲಸ ಮಾಡಿದ್ದಾರೆ ಅಂದುಕೊಳ್ಳಿ. 10 ಸಿಗಬೇಕು, ಅಲ್ವಾ? ಸಿಗುವುದಿಲ್ಲ. ಅರ್ಹತೆ ತೋರಿಸಲು ವೆಟಸೆಸ್ ಬಳಸಿಕೊಂಡ ಮೊದಲ ಒಂದು ವರ್ಷವನ್ನು ಪಾಯಿಂಟ್‌ಗೆ ಲೆಕ್ಕ ಹಿಡಿಯುವುದಿಲ್ಲ. ಉಳಿಯುವುದು ನಾಲ್ಕು ವರ್ಷ ಎರಡು ತಿಂಗಳು. ಹಾಗಾಗಿ 5 ಪಾಯಿಂಟ್, ಒಟ್ಟು 75.

ಸ್ಕಿಲ್‌ಸೆಲೆಕ್ಟ್ ಎಂಬ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಆಸಕ್ತಿ ಪತ್ರ, ಅಂದರೆ ಇಒಐ ತುಂಬುವಾಗ ಇದು ಗುಂಡಿಯಾಗಿ ಕಾಯುತ್ತಿರುತ್ತದೆ. ಅಲ್ಲಿ ಕೆಲಸದ ದಿನಾಂಕ ಹಾಕಿದರೆ ಪಾಯಿಂಟನ್ನು ಯಂತ್ರವೇ ಕೂಡುತ್ತದೆ. ಆ ಒಂದು ವರ್ಷವನ್ನು ಬೇರೆ ಸಾಲಾಗಿ ಒಡೆದು, ಸಂಬಂಧಿತ ಕೆಲಸವೇ ಎಂಬ ಪ್ರಶ್ನೆಗೆ ಇಲ್ಲ ಅಂತ ಗುರುತು ಹಾಕಬೇಕು. ಇಲ್ಲದಿದ್ದರೆ ಯಂತ್ರ 10 ಕೊಡುತ್ತದೆ, ನೀವು ಖುಷಿಯಾಗುತ್ತೀರಿ, 80 ಪಾಯಿಂಟ್‌ಗೆ ಆಹ್ವಾನ ಬರುತ್ತದೆ, ದುಡ್ಡು ಕಟ್ಟಿ ಅರ್ಜಿ ಹಾಕುತ್ತೀರಿ. ಅಧಿಕಾರಿ ಎಣಿಸಿದಾಗ 75 ಬರುತ್ತದೆ. ಆಹ್ವಾನ ಬಂದಾಗ ಹೇಳಿಕೊಂಡಿದ್ದ ಪಾಯಿಂಟ್ ಸಾಬೀತಾಗದಿದ್ದರೆ ಅರ್ಜಿ ಬೀಳುತ್ತದೆ. 2025ರ ಜುಲೈ 1ರಂದು 190 ಮತ್ತು 491ರ ಮುಖ್ಯ ಅರ್ಜಿದಾರರ ಶುಲ್ಕ 4,910 ಆಸ್ಟ್ರೇಲಿಯನ್ ಡಾಲರ್‌ಗೆ ಏರಿತು. ಅಷ್ಟೂ ಹೋಗುತ್ತದೆ. ಜುಲೈ ಬಂತೆಂದರೆ ಈ ಶುಲ್ಕ ಏರುವುದು ರೂಢಿ, ಅದನ್ನೂ ನೆನಪಿಡಿ.

ಕೊನೆಗೆ ರಾಜ್ಯದ ನಾಮಿನೇಷನ್‌ಗೆ ಪಾಯಿಂಟ್ ಕೂಡಿ. 190 ಆದರೆ 5, 491 ಆದರೆ 15. ನಮ್ಮ ಡಿಸೈನರ್ ಈಗ 190ಕ್ಕೆ 80, 491ಕ್ಕೆ 90.

ಹೆಜ್ಜೆ 6: ರಾಜ್ಯ ಆರಿಸುವುದು

ಇಒಐ ಹಾಕಲು ಖರ್ಚಿಲ್ಲ, ಅದು ಎರಡು ವರ್ಷ ಜೀವಂತ ಇರುತ್ತದೆ. ಆದರೆ ಹಾಕಿ ಕೂತರೆ ರಾಜ್ಯಗಳು ತಾವಾಗಿ ಬಂದು ಕರೆಯುತ್ತವೆ ಅಂದುಕೊಳ್ಳಬೇಡಿ. ಪ್ರತಿ ರಾಜ್ಯಕ್ಕೂ ತನ್ನದೇ ಪಟ್ಟಿ, ತನ್ನದೇ ಷರತ್ತು. ವಿಕ್ಟೋರಿಯಾದವರು ತಮ್ಮ ವೆಬ್‌ಸೈಟ್‌ನಲ್ಲಿ ಬೇರೆಯಾಗಿ ಆಸಕ್ತಿ ನೋಂದಾಯಿಸಲು ಹೇಳುತ್ತಾರೆ. ಕ್ಯಾನ್‌ಬೆರಾಕ್ಕೆ ಕ್ಯಾನ್‌ಬೆರಾ ಮ್ಯಾಟ್ರಿಕ್ಸ್ ಎಂಬ ಬೇರೆಯೇ ಅಂಕಪದ್ಧತಿ ಇದೆ. ವಲಸೆ ವರ್ಷ ಜುಲೈ 1ರಿಂದ ಶುರು. ಪ್ರತಿ ವರ್ಷ ಕೋಟಾ ಹಂಚಿಕೆಯಾದ ಮೇಲೆ ರಾಜ್ಯಗಳು ಪಟ್ಟಿ ತಿದ್ದುತ್ತವೆ. ಹೋದ ವರ್ಷ ಇದ್ದ ಕೋಡ್ ಈ ವರ್ಷ ಇರಲೇಬೇಕಂತಿಲ್ಲ. ಎರಡು ರಾಜ್ಯ ಮನಸ್ಸಿನಲ್ಲಿದ್ದರೆ ಎರಡು ಬೇರೆ ಇಒಐ ಹಾಕುವುದು ಒಳ್ಳೆಯದು.

ಪಟ್ಟಿಗಿಂತ ಮುಖ್ಯವಾದ ಪ್ರಶ್ನೆ, ಹೋದ ಮೇಲೆ ನಿಮಗೆ ಕೆಲಸ ಎಲ್ಲಿ? ಒಂದು ಕಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಡಿಸೈನರ್‌ಗಳಿಗೆ ಕಾರ್ ಕಾರ್ಖಾನೆಗಳೇ ದೊಡ್ಡ ಆಸರೆ. 2016ರ ಅಕ್ಟೋಬರ್‌ನಲ್ಲಿ ಫೋರ್ಡ್, 2017ರ ಅಕ್ಟೋಬರ್‌ನಲ್ಲಿ ಟೊಯೊಟಾ ಮತ್ತು ಹೋಲ್ಡನ್ ಅಲ್ಲಿ ಕಾರ್ ತಯಾರಿಕೆ ನಿಲ್ಲಿಸಿದವು. ಈಗ ಕೆಲಸ ಇರುವುದು ವೈದ್ಯಕೀಯ ಉಪಕರಣ, ಅಡುಗೆಮನೆ ಯಂತ್ರ, ಆಡಿಯೊ ಸಾಧನ, ಬಾತ್‌ರೂಮ್ ಫಿಟ್ಟಿಂಗ್, ಪೀಠೋಪಕರಣದಂಥ ಕಡೆ. ಕಿವಿಯ ಇಂಪ್ಲಾಂಟ್ ಮಾಡುವ ಕಾಕ್ಲಿಯರ್, ಉಸಿರಾಟದ ಯಂತ್ರದ ರೆಸ್‌ಮೆಡ್, ಕಾಫಿ ಯಂತ್ರದ ಬ್ರೆವಿಲ್, ಮೈಕ್ ಮಾಡುವ ರೋಡ್ ನಾಲ್ಕೂ ಸಿಡ್ನಿಯಲ್ಲಿ ಹುಟ್ಟಿ ಬೆಳೆದವು.

ಈಗ 491ರ ಷರತ್ತು ಓದಿ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದದ್ದೆಲ್ಲ ಪ್ರಾದೇಶಿಕ. ಅಡಿಲೇಡ್, ಪರ್ತ್, ಹೋಬಾರ್ಟ್, ಗೋಲ್ಡ್ ಕೋಸ್ಟ್, ನ್ಯೂಕಾಸಲ್, ಜೀಲಾಂಗ್ ಎಲ್ಲ ಅದರಲ್ಲಿ ಸೇರುತ್ತವೆ. ಇರುವುದು, ದುಡಿಯುವುದು, ಓದುವುದು ಮೂರೂ ಅಲ್ಲೇ ಆಗಬೇಕು. ಜೀಲಾಂಗ್‌ನಲ್ಲಿ ಮನೆ ಮಾಡಿ ದಿನಾ ರೈಲಲ್ಲಿ ಮೆಲ್ಬರ್ನ್‌ಗೆ ಕೆಲಸಕ್ಕೆ ಹೋಗುತ್ತೇನೆ ಅಂದರೆ ಷರತ್ತು ಮುರಿದಂತೆ. 15 ಪಾಯಿಂಟ್‌ನ ಆಸೆಗೆ 491 ಹಿಡಿದು, ನಿಮ್ಮ ಬಗೆಯ ಕೆಲಸವೆಲ್ಲ ಸಿಡ್ನಿಯಲ್ಲೇ ಇದೆ ಅಂತ ಆಮೇಲೆ ಕಂಡುಕೊಂಡರೆ ಕೈಕೈ ಹಿಸುಕಿಕೊಳ್ಳಬೇಕು. ಆದ್ದರಿಂದ ಇಒಐ ಹಾಕುವ ಮೊದಲೇ ಎರಡು ವಾರ ಅಲ್ಲಿನ ಉದ್ಯೋಗ ಜಾಲತಾಣಗಳಲ್ಲಿ ಊರಿನ ಹೆಸರು ಹಾಕಿ ಹುಡುಕಿ, ಎಷ್ಟು ಜಾಹೀರಾತು ಬರುತ್ತವೆ ಅಂತ ಎಣಿಸಿಡಿ. ನನ್ನನ್ನು ಕೇಳಿದರೆ, ಪಾಯಿಂಟ್ ಸ್ವಲ್ಪ ಕಡಿಮೆ ಬಿದ್ದರೂ ಇಂಗ್ಲಿಷ್ ಇನ್ನೊಮ್ಮೆ ಬರೆದು 190ಕ್ಕೆ ಪ್ರಯತ್ನಿಸಿ, ಆಮೇಲೆ 491 ಯೋಚಿಸಿ.

ಹೆಜ್ಜೆ 7: ಆಹ್ವಾನ ಬಂದ ಮೇಲೆ

ಅರ್ಜಿ ಹಾಕಲು 60 ದಿನ ಸಿಗುತ್ತದೆ. ಕಳೆದ ಹತ್ತು ವರ್ಷದಲ್ಲಿ ಒಟ್ಟು 12 ತಿಂಗಳು ಇದ್ದ ಪ್ರತಿ ದೇಶದಿಂದಲೂ ಪೊಲೀಸ್ ಪ್ರಮಾಣಪತ್ರ ಬೇಕು. ಓದಲು ಹೋಗಿ ಎರಡು ವರ್ಷ ಬೇರೆ ದೇಶದಲ್ಲಿದ್ದವರು ಇದನ್ನೇ ಮರೆಯುತ್ತಾರೆ. ವೈದ್ಯಕೀಯ ಪರೀಕ್ಷೆಯನ್ನು ಅವರು ಗೊತ್ತುಮಾಡಿದ ಡಾಕ್ಟರ ಹತ್ತಿರವೇ ಮಾಡಿಸಬೇಕು. ಉಳಿದದ್ದು ಕಾಗದ ಜೋಡಿಸುವ ಕೆಲಸ.

ಕಂಪನಿ ಕರೆಸಿಕೊಂಡರೆ

ಇದು 482 ವೀಸಾ, ಈಗಿನ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್. 2024ರ ಡಿಸೆಂಬರ್ 7ರಿಂದ ಜಾರಿಗೆ ಬಂತು. ಪಾಯಿಂಟ್ ಲೆಕ್ಕವಿಲ್ಲ, ಒಂದು ವರ್ಷದ ಅನುಭವ ಸಾಕು, ನಾಲ್ಕು ವರ್ಷದವರೆಗೆ ಸಿಗುತ್ತದೆ. ಇದರಲ್ಲಿ ಕೋರ್ ಸ್ಕಿಲ್ಸ್ ಎಂಬ ದಾರಿಗೆ ನಿಮ್ಮ ಕೋಡ್ ಆ ದಿನದ ಕೋರ್ ಸ್ಕಿಲ್ಸ್ ಪಟ್ಟಿಯಲ್ಲಿರಬೇಕು. ಇದು ಬೇರೆ ಪಟ್ಟಿ, 190ರದ್ದರ ಜೊತೆ ಬೆರೆಸಬೇಡಿ. ಸಂಬಳ 2025ರ ಜುಲೈನ ಲೆಕ್ಕದಲ್ಲಿ ವರ್ಷಕ್ಕೆ ಕನಿಷ್ಠ 76,515 ಡಾಲರ್. ಸ್ಪೆಷಲಿಸ್ಟ್ ಸ್ಕಿಲ್ಸ್ ಎಂಬ ಇನ್ನೊಂದು ದಾರಿಯಲ್ಲಿ ಪಟ್ಟಿಯ ಗೊಡವೆಯೇ ಇಲ್ಲ, ಆದರೆ ಅದೇ ಜುಲೈನ ಲೆಕ್ಕದಲ್ಲಿ ಸಂಬಳ ಕನಿಷ್ಠ 1,41,210 ಡಾಲರ್ ಇರಬೇಕು. ಡಿಸೈನ್ ತಂಡದ ಮುಖ್ಯಸ್ಥರಿಗೆ ಇದು ಹೊಂದಬಹುದು, ಹೊಸಬರಿಗಲ್ಲ.

ಸ್ಪಾನ್ಸರ್‌ಶಿಪ್, ನಾಮಿನೇಷನ್, ತರಬೇತಿ ನಿಧಿಯ ಲೆವಿ ಇವನ್ನೆಲ್ಲ ಕಂಪನಿಯೇ ಕಟ್ಟಬೇಕು. "ನೀವು ಇಷ್ಟು ಕೊಡಿ, ಸ್ಪಾನ್ಸರ್ ಮಾಡಿಸುತ್ತೇವೆ" ಅಂತ ಯಾರಾದರೂ ಹೇಳಿದರೆ ಅದು ಅಲ್ಲಿನ ಕಾನೂನಿಗೆ ವಿರುದ್ಧ, ಮಾತು ಅಲ್ಲಿಗೇ ನಿಲ್ಲಿಸಿ. ಕೆಲಸ ಬಿಟ್ಟರೆ ಹೊಸ ಸ್ಪಾನ್ಸರ್ ಹುಡುಕಲು ಒಮ್ಮೆಗೆ 180 ದಿನ ಸಿಗುತ್ತದೆ. ಎರಡು ವರ್ಷ ದುಡಿದ ಮೇಲೆ ಕಂಪನಿ ಒಪ್ಪಿದರೆ 186 ಎಂಬ ವೀಸಾದಲ್ಲಿ ಪಿಆರ್ ಕೇಳಬಹುದು.

ಈ ದಾರಿಯಲ್ಲಿ ಮಾತಾಡುವುದು ಪೋರ್ಟ್‌ಫೋಲಿಯೊ. ನಮ್ಮ ಒಳ್ಳೆಯ ಕೆಲಸವೆಲ್ಲ ಗೋಪ್ಯತೆಯ ಒಪ್ಪಂದದೊಳಗೆ ಸಿಕ್ಕಿಕೊಂಡಿರುತ್ತದೆ. ಮಾರುಕಟ್ಟೆಗೆ ಬಂದ ಉತ್ಪನ್ನವನ್ನು ಮಾತ್ರ ತೋರಿಸಿ, ಬಾರದ್ದಕ್ಕೆ ನೀವೇ ಮಾಡಿಕೊಂಡ ಸ್ವಂತ ಪ್ರಾಜೆಕ್ಟ್ ಒಂದನ್ನು ಸ್ಕೆಚ್‌ನಿಂದ ಅಚ್ಚಿನವರೆಗೆ ಪೂರ್ತಿ ಬಿಡಿಸಿಡಿ. ಬೇರೆಯವರ ಗುಟ್ಟು ಬಿಟ್ಟುಕೊಡುವವರನ್ನು ಯಾವ ಸ್ಟುಡಿಯೋ ನಂಬುತ್ತದೆ?

ಅಂತರರಾಷ್ಟ್ರೀಯ ಮಟ್ಟದ ಹೆಸರು ಮಾಡಿದವರಿಗೆ 858, ಅಂದರೆ ನ್ಯಾಷನಲ್ ಇನ್ನೊವೇಷನ್ ವೀಸಾ ಇದೆ. ಅದು ಬೆರಳೆಣಿಕೆಯವರಿಗೆ.

ಏಜೆಂಟ್ ಬೇಕಾ?

ಕಾಗದಪತ್ರ ಸರಳವಾಗಿದ್ದರೆ ಬೇಡ, ನೀವೇ ಮಾಡಬಹುದು. ಹಿಂದೆ ವೀಸಾ ತಿರಸ್ಕಾರವಾಗಿದ್ದರೆ, ಕೆಲಸದ ನಡುವೆ ದೊಡ್ಡ ಬಿಡುವಿದ್ದರೆ, ಇಲ್ಲವೇ ಓದು ಒಂದು ದಾರಿ ಕೆಲಸ ಇನ್ನೊಂದು ದಾರಿ ಆಗಿದ್ದರೆ ಇಟ್ಟುಕೊಳ್ಳಿ. ಅವರ ನೋಂದಣಿ ನಂಬರ್ ಕೇಳಿ, ಅದನ್ನು ವಲಸೆ ಏಜೆಂಟರನ್ನು ನೋಂದಾಯಿಸುವ ಅಲ್ಲಿನ ಸರ್ಕಾರಿ ಕಚೇರಿ ಒಮಾರಾದ ರಿಜಿಸ್ಟರಿನಲ್ಲಿ ಹುಡುಕಿ. ನಂಬರ್ ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿ. ಸ್ಕಿಲ್‌ಸೆಲೆಕ್ಟ್, ವೆಟಸೆಸ್ ಎರಡರ ಲಾಗಿನ್‌ನಲ್ಲೂ ನಿಮ್ಮದೇ ಇಮೇಲ್ ಇರಲಿ.

491ರಲ್ಲಿ ಹೋಗುವವರು ಇಳಿದ ವರ್ಷದಿಂದಲೇ ಒಂದು ಫೈಲ್ ಶುರು ಮಾಡಿ. ಪಿಆರ್ ಕೊಡುವ 191ಕ್ಕೆ ಅರ್ಜಿ ಹಾಕಲು ಮೂರು ಆದಾಯ ವರ್ಷದ ತೆರಿಗೆ ಅಸೆಸ್‌ಮೆಂಟ್ ನೋಟಿಸ್ ಬೇಕು. ಅಲ್ಲಿನ ತೆರಿಗೆ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಮೇ ತಿಂಗಳಲ್ಲಿ ಇಳಿದು ಒಂದೇ ತಿಂಗಳು ದುಡಿದಿದ್ದರೂ ಆ ವರ್ಷದ ರಿಟರ್ನ್ ಹಾಕಿಬಿಡಿ, ಬಂದ ನೋಟಿಸನ್ನು ಬಾಡಿಗೆ ಕರಾರಿನ ಜೊತೆ ಅದೇ ಫೈಲಿಗೆ ಸೇರಿಸಿ.